ನಕ್ಷೆಯಿಲ್ಲದೆ, ಬರೀ ಫೋಟೊ ನೋಡಿ ಹಳೆಯ ರೇಸ್ ಕಾರಿನ ಮಾದರಿ ಮಾಡಬಹುದೇ?

ಪ್ರಶ್ನೆ: ಬುಗಾಟಿ ಟೈಪ್ 35 ರೇಸ್ ಕಾರಿನ ಪುಟ್ಟ ಮಾದರಿಯನ್ನು ಕಿಟ್ ಇಲ್ಲದೆ, ಎಲ್ಲ ಭಾಗಗಳನ್ನೂ ಕೈಯಲ್ಲೇ ಮಾಡಿ ಜೋಡಿಸಬೇಕೆಂದಿದ್ದೇನೆ. ನಕ್ಷೆ ಇಲ್ಲ, ಇರುವುದು ಹಳೆಯ ಫೋಟೊಗಳಷ್ಟೇ. ಅಳತೆ ಎಲ್ಲಿಂದ ತರಲಿ?

ಉತ್ತರ: ಖಂಡಿತ ಮಾಡಬಹುದು. ಒಂದು ಅಳತೆ ಖಚಿತವಾಗಿ ಗೊತ್ತಿದ್ದರೆ ಮಿಕ್ಕದ್ದನ್ನು ಫೋಟೊಗಳಿಂದಲೇ ತೆಗೆಯಬಹುದು. ಆ ಒಂದು ಅಳತೆ ವೀಲ್‌ಬೇಸ್, ಅಂದರೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಇರುವ ದೂರ. ಟೈಪ್ 35ರಲ್ಲಿ ಇದು 2400 ಮಿ.ಮೀ. 1/24 ಸ್ಕೇಲ್‌ನಲ್ಲಿ ಸರಿಯಾಗಿ 100 ಮಿ.ಮೀ. ಆಗುತ್ತದೆ, ನನ್ನ ಸಲಹೆಯೂ ಅದೇ ಸ್ಕೇಲ್. ಪಕ್ಕದಿಂದ ತೆಗೆದ ಫೋಟೊವನ್ನು ಚಕ್ರಗಳ ನಡುವೆ 100 ಮಿ.ಮೀ. ಬರುವಂತೆ ಪ್ರಿಂಟ್ ಮಾಡಿಕೊಳ್ಳಿ.

ಆದರೆ ಎಲ್ಲ ಫೋಟೊಗಳನ್ನೂ ನಂಬುವಂತಿಲ್ಲ. ಮೊದಲು ಚಕ್ರವನ್ನು ಅಳೆಯಿರಿ. ಎತ್ತರ, ಅಗಲ ಎರಡೂ ಸಮವಿದ್ದರೆ ಕ್ಯಾಮೆರಾ ಕಾರಿಗೆ ನೇರವಾಗಿತ್ತು ಎಂದರ್ಥ. ಎತ್ತರ 40 ಮಿ.ಮೀ. ಇದ್ದು ಅಗಲ 38 ಬಂದರೆ ಕ್ಯಾಮೆರಾ ಸುಮಾರು 18 ಡಿಗ್ರಿ ಓರೆಯಾಗಿತ್ತು. ಕಾರಿನ ಉದ್ದವೂ ಅಷ್ಟೇ ಪ್ರಮಾಣದಲ್ಲಿ ಕುಗ್ಗಿರುತ್ತದೆ. ಅಂಥದ್ದನ್ನು ಬದಿಗಿಡಿ.

ಚಕ್ರ ದುಂಡಗೆ ಬಂದ ಫೋಟೊದಲ್ಲೂ ಒಂದು ಮೋಸವಿದೆ, ಹೆಚ್ಚಿನವರು ಎಡವುವುದು ಇಲ್ಲೇ. ನೀವು ಅಳತೆಗೆ ಹಿಡಿದ ಚಕ್ರಗಳು ಕ್ಯಾಮೆರಾಗೆ ಹತ್ತಿರ. ರೇಡಿಯೇಟರ್, ಬಾಲದ ತುದಿ ಇರುವುದು ಕಾರಿನ ನಡುಗೆರೆಯಲ್ಲಿ, ಸುಮಾರು 60 ಸೆಂ.ಮೀ. ಆಚೆ. ಕ್ಯಾಮೆರಾ ಚಕ್ರದಿಂದ 6 ಮೀಟರ್ ದೂರದಲ್ಲಿದ್ದರೆ ನಡುಗೆರೆಯದ್ದನ್ನೆಲ್ಲ 1.1ರಿಂದ ಗುಣಿಸಬೇಕು. ಹಾಗೆ ಮಾಡದಿದ್ದರೆ ಮಾದರಿಯ ಚಕ್ರ ದಪ್ಪ, ಮೈ ಸಣ್ಣ ಎನಿಸುತ್ತದೆ. ಎಲ್ಲಿ ತಪ್ಪಿತೆಂದು ಕಣ್ಣಿಗೆ ತಿಳಿಯುವುದೂ ಇಲ್ಲ. ಕ್ಯಾಮೆರಾ ಎಷ್ಟು ದೂರವಿತ್ತೆಂದು ಗೊತ್ತಿಲ್ಲವೇ? ಎದುರಿನಿಂದ ತೆಗೆದ ಫೋಟೊ ನೋಡಿ. ಅದರಲ್ಲಿ ಮುಂದಿನ ಚಕ್ರ, ರೇಡಿಯೇಟರ್ ಎರಡೂ ಹೆಚ್ಚುಕಡಿಮೆ ಒಂದೇ ದೂರದಲ್ಲಿರುತ್ತವೆ. ಚಕ್ರದ ಎತ್ತರಕ್ಕೆ ಹೋಲಿಸಿದರೆ ರೇಡಿಯೇಟರ್‌ನ ನಿಜವಾದ ಎತ್ತರ ಸಿಗುತ್ತದೆ. ಪಕ್ಕದ ಫೋಟೊದಲ್ಲಿ ಅದು ಎಷ್ಟು ಕಡಿಮೆ ಬಂದಿದೆಯೋ ಅಷ್ಟೇ ತಿದ್ದುಪಡಿ ನಡುಗೆರೆಯ ಎಲ್ಲದಕ್ಕೂ.

ಅಳತೆ ಸಿಕ್ಕಮೇಲೆ ತಗಡು ಕತ್ತರಿಸುವ ಮೊದಲು ರಟ್ಟಿನಲ್ಲಿ ಒಮ್ಮೆ ಮಾಡಿ ನೋಡಿ.

ಇನ್ನೊಂದು ಮಾತು: ಒಂದೇ ರೇಸ್‌ನ ಒಂದೇ ಕಾರನ್ನು ಆರಿಸಿಕೊಳ್ಳಿ. 1924ರ ಆಗಸ್ಟ್‌ನಲ್ಲಿ ಲಿಯಾನ್ ಗ್ರ್ಯಾನ್ ಪ್ರೀಗೆ ಇಳಿದ ಟೈಪ್ 35ರಲ್ಲಿ ಸೂಪರ್‌ಚಾರ್ಜರ್ (ಎಂಜಿನ್‌ಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸಾಧನ) ಇರಲಿಲ್ಲ, ರೇಡಿಯೇಟರ್ ಕಿರಿದು. ಮುಂದೆ ಬಂದ 35ಬಿಯಲ್ಲಿ ರೇಡಿಯೇಟರ್ ದೊಡ್ಡದಾಯಿತು, ಬಾನೆಟ್ ಪಕ್ಕದಲ್ಲಿ ಸೂಪರ್‌ಚಾರ್ಜರ್ ವಾಲ್ವ್‌ಗೆಂದು ದುಂಡನೆಯ ತೂತು ಬಂತು. ಎರಡರ ಫೋಟೊ ಬೆರೆಸಿದರೆ ಎಂದೂ ಓಡದ ಕಾರೊಂದು ತಯಾರಾಗುತ್ತದೆ. ಈಗ ಹೊಸದಾಗಿ ಸಿದ್ಧಪಡಿಸಿದ ಕಾರುಗಳ ಬಣ್ಣದ ಫೋಟೊಗಳನ್ನು ಪೈಪು, ನಟ್ಟುಗಳ ಜೋಡಣೆ ತಿಳಿಯಲಷ್ಟೇ ಬಳಸಿ.