ನೀರಿನ ಮೋಟರ್ ಆಟೊಮೇಷನ್: ತಂತಿ ಮುಟ್ಟುವ ಮೊದಲು ಬರೆದುಕೊಳ್ಳಬೇಕಾದ್ದು

ಹೋಂ ಆಟೊಮೇಷನ್ ಕಲಿಯೋಕೆ ಹೊರಟವರು ಜಾಸ್ತಿ ಜನ ಬಣ್ಣ ಬದಲಿಸುವ ಬಲ್ಬಿನಿಂದ ಶುರು ಮಾಡುತ್ತಾರೆ. ನನ್ನ ಕೇಳಿದರೆ ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ನೀರು ಏರಿಸುವ ಮೋಟರೇ ಒಳ್ಳೆಯ ಪಾಠ. ಸೆನ್ಸರ್, ರಿಲೇ (ಬೋರ್ಡ್ ಹೇಳಿದಂತೆ ಆನ್-ಆಫ್ ಆಗುವ ಸ್ವಿಚ್), ನೆಟ್‌ವರ್ಕ್ ಎಲ್ಲ ಅದರಲ್ಲೇ ಬರುತ್ತವೆ, ಮನೆಯವರೂ ಬೈಯಲ್ಲ.

ಏನನ್ನೂ ಕೊಳ್ಳುವ ಮೊದಲು ಒಂದು ಹಾಳೆ ತಗೊಳ್ಳಿ. ವೈಫೈ ಹೋದರೆ ಏನಾಗಬೇಕು? ಕರೆಂಟ್ ಹೋಗಿ ಬಂದರೆ? ಸೆನ್ಸರ್ ಕೆಟ್ಟರೆ? ಮೂರಕ್ಕೂ ಉತ್ತರ ಒಂದೇ: ಮೋಟರ್ ಆಫ್. ಡಿಸೈನ್‌ನ ಮುಕ್ಕಾಲು ಪಾಲು ಇಲ್ಲೇ ಮುಗಿಯಿತು.

ಟ್ಯಾಂಕಿನ ಮೇಲೆ ಒಂದು ಇಎಸ್‌ಪಿ8266 ಬೋರ್ಡ್ (ವೈಫೈ ಇರುವ ಪುಟ್ಟ ಕಂಪ್ಯೂಟರ್), ಮೋಟರ್ ಹತ್ತಿರ ಇನ್ನೊಂದು. ಇದು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತದೆ, ಹಾಗಾಗಿ ತಾರಸಿ ಮೇಲೆ ಸಿಗ್ನಲ್ ಬರುತ್ತಾ ಅಂತ ಮೊದಲೇ ಫೋನ್ ಹಿಡಿದು ನೋಡಿ. ಮಟ್ಟ ಅಳೆಯೋಕೆ ಅಲ್ಟ್ರಾಸೋನಿಕ್ ಸೆನ್ಸರ್ (ಕಿವಿಗೆ ಕೇಳದ ಶಬ್ದ ಕಳಿಸಿ, ಅದರ ಪ್ರತಿಧ್ವನಿಯಿಂದ ದೂರ ಅಳೆಯುವಂಥದ್ದು) ಸಾಕು. ಆದರೆ ಮುಚ್ಚಿದ ಟ್ಯಾಂಕಿನಲ್ಲಿ ಆವಿ ಕಟ್ಟುತ್ತದಲ್ವಾ, ವಾಟರ್‌ಪ್ರೂಫ್ ಮಾದರಿಯನ್ನೇ ಹಾಕಿ. ಅದಕ್ಕೆ ಸುಮಾರು 20 ಸೆಂಟಿಮೀಟರ್‌ಗಿಂತ ಹತ್ತಿರದ್ದು ಸರಿಯಾಗಿ ಕಾಣಲ್ಲ, ಆದ್ದರಿಂದ ಟ್ಯಾಂಕ್ ತುಂಬಿದಾಗಲೂ ನೀರಿಗೂ ಸೆನ್ಸರಿಗೂ ಅಷ್ಟು ಅಂತರ ಉಳಿಯಬೇಕು.

ಎರಡು ಬೋರ್ಡ್‌ಗಳ ಮಾತುಕತೆಗೆ ಎಂಕ್ಯೂಟಿಟಿ. 1999ರಲ್ಲಿ ತೈಲ ಪೈಪ್‌ಲೈನ್‌ಗಳ ಮೇಲೆ ಉಪಗ್ರಹದ ಮೂಲಕ ಕಣ್ಣಿಡೋಕೆ ಅಂತ ಹುಟ್ಟಿದ ಪ್ರೊಟೊಕಾಲ್ ಇದು, ತೀರಾ ಹಗುರ. ಇದರಲ್ಲಿ 'ರಿಟೇನ್' ಅನ್ನೋ ಆಯ್ಕೆ ಇದೆ: ಕೊನೆಯ ಸಂದೇಶವನ್ನು ಬ್ರೋಕರ್ (ಸಂದೇಶಗಳನ್ನು ಪಡೆದು ಹಂಚುವ ಸರ್ವರ್) ಇಟ್ಟುಕೊಂಡು, ಹೊಸದಾಗಿ ಸೇರಿದವರಿಗೆಲ್ಲ ಕೊಡುತ್ತದೆ. ನೀರಿನ ಮಟ್ಟಕ್ಕೆ ಇದನ್ನು ಬಳಸಬೇಡಿ. ಯಾಕೆ ಅಂದರೆ, ಟ್ಯಾಂಕಿನ ಬೋರ್ಡ್ ಕೆಟ್ಟು ಕೂತಿದೆ, ಕರೆಂಟ್ ಹೋಗಿ ಬಂತು ಅಂದುಕೊಳ್ಳಿ. ಮೋಟರ್ ಬೋರ್ಡಿಗೆ ಯಾವಾಗಿನದೋ ಹಳೇ "20%" ಸಿಗುತ್ತದೆ, ಅದನ್ನೇ ತಾಜಾ ಅಂತ ನಂಬಿ ಅದು ತುಂಬಿದ ಟ್ಯಾಂಕಿಗೆ ನೀರು ಬಿಡುತ್ತದೆ. ಹತ್ತು ಸೆಕೆಂಡಿಗೊಮ್ಮೆ ಹೊಸ ಅಳತೆ ಬರಲಿ. ಒಂದು ನಿಮಿಷ ಏನೂ ಬರದಿದ್ದರೆ ಮೋಟರ್ ತಾನೇ ನಿಲ್ಲಲಿ. ಈ ಲೆಕ್ಕಾಚಾರ ಮೋಟರ್ ಬೋರ್ಡಿನಲ್ಲೇ ಇರಬೇಕು, ಫೋನಿನ ಆ್ಯಪ್‌ನಲ್ಲಲ್ಲ. ಆನ್ ಆಗೋಕೆ 30%, ಆಫ್ ಆಗೋಕೆ 90% ಅಂತ ದೂರ ದೂರ ಇಡಿ. ಹತ್ತಿರ ಇಟ್ಟರೆ ಸುಮ್ನೆ ಟಕಟಕ ಅಂತ ಆನ್-ಆಫ್ ಆಗುತ್ತಿರುತ್ತದೆ. ಟ್ಯಾಂಕ್ ತುಂಬೋಕೆ ಎಷ್ಟು ಹೊತ್ತು ಬೇಕೋ ಅದಕ್ಕಿಂತ ಸ್ವಲ್ಪ ಜಾಸ್ತಿಗೆ ಮೋಟರ್ ನಿಲ್ಲಿಸುವ ಒಂದು ಟೈಮರ್ ಕೂಡ ಇರಲಿ.

ರಿಲೇಯನ್ನು ಮೋಟರ್ ಬೋರ್ಡಿನ ಡಿ1 ಅಥವಾ ಡಿ2 ಪಿನ್ನಿಗೆ ಕೊಡಿ. ಬೇರೆ ಕೆಲವು ಪಿನ್‌ಗಳು ಬೋರ್ಡ್ ಶುರುವಾಗುವಾಗ ತಾವಾಗಿಯೇ ಏರಿಳಿದು ರಿಲೇಯನ್ನು ಕುಣಿಸುತ್ತವೆ.

ಸಾಮಾನ್ಯವಾಗಿ ಸಿಗುವ ನೀಲಿ ರಿಲೇ ಮೇಲೆ 10 ಆಂಪಿಯರ್ ಅಂತ ಬರೆದಿರುತ್ತದೆ ನಿಜ. ಅದನ್ನು ನಂಬಿ ನೇರವಾಗಿ ಮೋಟರಿಗೆ ಕೊಡಬೇಡಿ. ಒಂದು ಎಚ್‌ಪಿ ಅಂದರೆ 746 ವ್ಯಾಟ್, ಸ್ಟಾರ್ಟ್ ಆಗುವ ಕ್ಷಣದಲ್ಲಿ ಮೋಟರ್ ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಆ ಕರೆಂಟಿಗೆ ರಿಲೇ ಒಳಗಿನ ಕಾಂಟ್ಯಾಕ್ಟ್ ಬೆಸೆದುಕೊಂಡರೆ ಕೋಡ್ ಎಷ್ಟೇ ಆಫ್ ಅಂದರೂ ಮೋಟರ್ ನಿಲ್ಲಲ್ಲ. ರಿಲೇ ಬರೀ ಕಾಂಟ್ಯಾಕ್ಟರಿನ (ದೊಡ್ಡ ಕರೆಂಟಿಗೆಂದೇ ಮಾಡಿದ ಭಾರೀ ರಿಲೇ) ಕಾಯಿಲ್, ಅಂದರೆ ಅದನ್ನು ಆನ್ ಮಾಡುವ ಸುರುಳಿಯನ್ನು ನಡೆಸಲಿ, ಮೋಟರ್ ಭಾರ ಕಾಂಟ್ಯಾಕ್ಟರ್ ಹೊರಲಿ. 230 ವೋಲ್ಟಿನ ಈ ಭಾಗವನ್ನು ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಹಾಗೇ ಕಾಯಿಲ್ ಲೈನಿನಲ್ಲಿ ಎರಡು ಫ್ಲೋಟ್ ಸ್ವಿಚ್ (ನೀರಿನಲ್ಲಿ ತೇಲುತ್ತಾ ಮಟ್ಟಕ್ಕೆ ತಕ್ಕಂತೆ ಆನ್-ಆಫ್ ಆಗುವ ಸ್ವಿಚ್) ಹಾಕಿಸಿ: ಟ್ಯಾಂಕ್ ತುಂಬಿದರೆ ಒಂದು ಕಡಿಯಲಿ, ಸಂಪು ಖಾಲಿಯಾದರೆ ಇನ್ನೊಂದು. ಪಕ್ಕದಲ್ಲಿ ಆಟೊ-ಮ್ಯಾನುಯಲ್ ಸ್ವಿಚ್ ಒಂದು ಇದ್ದರೆ, ನೀವು ಊರಲ್ಲಿಲ್ಲದಾಗ ಅಮ್ಮ ನಿಮಗೆ ಫೋನ್ ಮಾಡದೇ ನೀರು ಬಿಟ್ಟುಕೊಳ್ಳುತ್ತಾರೆ.