ನೋವಿದ್ದಾಗ ಎಷ್ಟು ಬಗ್ಗಬಹುದು, ಎಷ್ಟು ನಡೆಯಬಹುದು? ಫಿಸಿಯೋಥೆರಪಿ ಓದುವವರಿಗೊಂದು ಟಿಪ್ಪಣಿ

ಮೈಸೂರಿನಲ್ಲಿ ಕ್ಲಿನಿಕಲ್ ಪೋಸ್ಟಿಂಗ್ ಶುರುವಾದರೆ ಸೊಂಟ ನೋವು, ಮಂಡಿ ನೋವಿನವರನ್ನೇ ಜಾಸ್ತಿ ನೋಡುತ್ತೀರಿ. ಮಂಡ್ಯ, ಶ್ರೀರಂಗಪಟ್ಟಣ ಕಡೆಯಿಂದ ನಾಟಿ ಹಾಕುವವರು, ಕಬ್ಬು ಕಡಿಯುವವರೂ ಬರುತ್ತಾರೆ. ಅವರು ಕೇಳುವುದು ಒಂದೇ: "ಕೆಲಸ ಮಾಡ್ಬೋದಾ, ಮಲಗ್ಬೇಕಾ?" ಇದಕ್ಕೆ ಸರಿಯಾಗಿ ಉತ್ತರಿಸಲು ನೋವು ಹೇಗೆ ಹುಟ್ಟುತ್ತದೆ ಅನ್ನುವುದು ಗೊತ್ತಿರಬೇಕು.

ಪೆಟ್ಟಾದಾಗ ನರಗಳ ತುದಿಯಿಂದ ಸುದ್ದಿ ಹೊರಡುತ್ತದೆ. ಬೆನ್ನುಹುರಿಯಲ್ಲಿ ಅದು ಜೋರಾಗಬಹುದು, ಕುಗ್ಗಲೂಬಹುದು. 1965ರಲ್ಲಿ ನೋವಿನ ಸಂಶೋಧಕರಾದ ಮೆಲ್ಝಾಕ್ ಮತ್ತು ವಾಲ್ ಕೊಟ್ಟ ಗೇಟ್ ಕಂಟ್ರೋಲ್ ಸಿದ್ಧಾಂತದ ತಿರುಳು ಇದೇ. ತಗುಲಿದ ಜಾಗ ಉಜ್ಜಿಕೊಂಡರೆ ಹಾಯೆನಿಸುತ್ತದೆ ಅಲ್ವಾ, ಅದನ್ನು ಇದರಿಂದ ವಿವರಿಸಬಹುದು. ಆಮೇಲೆ ಮಿದುಳು ನಿದ್ದೆ, ಭಯ, ಸಾಲದ ಚಿಂತೆ, ಹಳೆಯ ಅನುಭವ ಎಲ್ಲವನ್ನೂ ಸೇರಿಸಿ ನೋವು ಎಷ್ಟೆಂದು ತೀರ್ಮಾನಿಸುತ್ತದೆ. ಹಾಗಾಗಿ ಹಾನಿ ಕಡಿಮೆ ಇದ್ದರೂ ನೋವು ಜಾಸ್ತಿ ಇರಬಹುದು. ಆ ನೋವು ನಿಜವಾದದ್ದೇ.

ಮೂರು ತಿಂಗಳು ದಾಟಿದ ನೋವನ್ನು ದೀರ್ಘಕಾಲದ ನೋವು ಅನ್ನುತ್ತೇವೆ. ಎಷ್ಟೋ ಜನರಲ್ಲಿ ಅಷ್ಟು ಹೊತ್ತಿಗೆ ಗಾಯ ಮಾಗಿರುತ್ತದೆ, ನರಮಂಡಲ ಮಾತ್ರ ಎಚ್ಚರ ಬಿಟ್ಟಿರುವುದಿಲ್ಲ. ಒಮ್ಮೆ ಕಳ್ಳ ನುಗ್ಗಿದ ಮನೆಯ ನಾಯಿ ಆಮೇಲೆ ಹಾಲಿನವನಿಗೂ ಬೊಗಳುತ್ತದಲ್ಲ, ಹಾಗೆ.

ಸ್ಕ್ಯಾನ್ ರಿಪೋರ್ಟ್ ಹಿಡಿದು ಹೆದರಿ ಬರುವವರಿಗೆ ಈ ಅಂಕಿ ಹೇಳಿ. ಬೆನ್ನು ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ನೋಡಿದ ಹಲವು ಅಧ್ಯಯನಗಳನ್ನು 2015ರಲ್ಲಿ ಒಟ್ಟು ಮಾಡಿ ಲೆಕ್ಕ ಹಾಕಿದರು. 20 ವರ್ಷದವರಲ್ಲಿ ಶೇ 37, 80 ವರ್ಷದವರಲ್ಲಿ ಶೇ 96 ಜನರಿಗೆ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸವೆತ ಇತ್ತು. ಅಂದರೆ ಸವೆತ ಕಂಡ ಮಾತ್ರಕ್ಕೆ ನೋವಿಗೆ ಅದೇ ಕಾರಣ ಎನ್ನಲು ಬರುವುದಿಲ್ಲ. ವಯಸ್ಸಾದವರಿಗೆ "ನಿಮ್ಮ ಮೂಳೆ ಸವೆದು ಹೋಗಿದೆ, ಬಗ್ಗಲೇಬೇಡಿ" ಎಂದು ದಯವಿಟ್ಟು ಹೇಳಬೇಡಿ. ಆ ಮಾತು ಕೇಳಿದವರು ವರ್ಷಗಟ್ಟಲೆ ಹೆದರಿಕೊಂಡೇ ಇರುತ್ತಾರೆ.

ಮಲಗಿದರೆ ಏನಾಗುತ್ತದೆ? ಸ್ನಾಯು ಸೊರಗುತ್ತದೆ. ಮಂಡಿಯಲ್ಲಿ ಮೂಳೆಯ ತುದಿಗಳನ್ನು ಹೊದ್ದಿರುವ ಮೃದ್ವಸ್ಥಿಗೆ (ಕಾರ್ಟಿಲೇಜ್) ರಕ್ತನಾಳ ಇಲ್ಲ. ಕೀಲು ಆಡಿದಾಗ, ಭಾರ ಬಿದ್ದು ಬಿಟ್ಟಾಗ, ಕೀಲಿನ ದ್ರವದಿಂದಲೇ ಅದಕ್ಕೆ ಪೋಷಣೆ ಸಿಗುತ್ತದೆ.

ಇನ್ನು ಎಷ್ಟು ಕೆಲಸ ಮಾಡಬೇಕು ಅನ್ನುವ ಅಳತೆ. ನನ್ನ ಪ್ರಕಾರ ಇಡೀ ಪಾಠದಲ್ಲಿ ಮುಖ್ಯವಾದದ್ದು ಇದು. ನಾಲೆಗೆ ನೀರು ಬಿಟ್ಟ ಮೇಲೆ ಎಲ್ಲರ ಗದ್ದೆಯಲ್ಲೂ ಹೆಚ್ಚುಕಡಿಮೆ ಒಟ್ಟಿಗೆ ನಾಟಿ. ಬೇಸಿಗೆಯಿಡೀ ಅಷ್ಟು ಬಗ್ಗದ ಸೊಂಟ ಒಂದೇ ದಿನಕ್ಕೆ ಬೆಳಗಿನಿಂದ ಸಂಜೆವರೆಗೆ ಬಗ್ಗುತ್ತದೆ. ಬಗ್ಗುವುದೇ ತಪ್ಪು ಅಂತಲ್ಲ, ಏಕಾಏಕಿ ಅಷ್ಟೊಂದು ಬಗ್ಗಿದ್ದು ತೊಂದರೆ. ಆಮೇಲೆ ಮೂರು ದಿನ ಚಾಪೆ ಮೇಲೆ. ನೋವು ಇಳಿಯಿತು ಅಂತ ಮತ್ತೆ ದಿನವಿಡೀ ಗದ್ದೆ. ಈ ಏರಿಳಿತ ತಪ್ಪಿಸುವುದೇ ನಮ್ಮ ಕೆಲಸ. ಅವರು 20 ನಿಮಿಷ ಆರಾಮಾಗಿ ಬಗ್ಗಬಲ್ಲರು ಎಂದಿಟ್ಟುಕೊಳ್ಳಿ. 15 ನಿಮಿಷಕ್ಕೆ ನೆಟ್ಟಗೆ ನಿಂತು, ನಾಲ್ಕು ಹೆಜ್ಜೆ ಓಡಾಡಿ, ಮತ್ತೆ ಬಗ್ಗಲಿ. ವಾರಕ್ಕಿಷ್ಟು ಅಂತ ಹೆಚ್ಚಿಸಿ. ನೋವು ಕಡಿಮೆ ಇದೆ ಅಂತ ಆ ದಿನ ಲೆಕ್ಕ ಮೀರಬಾರದು. ನಾಟಿಗೆ ಒಂದೆರಡು ತಿಂಗಳ ಮುಂಚೆಯೇ ಬಿಂದಿಗೆ ಎತ್ತಿ ಇಳಿಸುವ, ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಶುರು ಮಾಡಿಸಿದರೆ ಇನ್ನೂ ಒಳ್ಳೆಯದು.

ವ್ಯಾಯಾಮದ ಹೊತ್ತಿನ ನೋವಿಗೆ 0ಯಿಂದ 10ರವರೆಗೆ ಅಂಕ ಕೇಳಿ. 5ರ ಒಳಗಿದ್ದು, ಮಾರನೆಯ ಬೆಳಗ್ಗೆ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಬಂದರೆ ಸಾಮಾನ್ಯವಾಗಿ ಮುಂದುವರಿಸಬಹುದು. ಬರದಿದ್ದರೆ ಪ್ರಮಾಣ ಇಳಿಸಿ, ಪೂರ್ತಿ ನಿಲ್ಲಿಸಬೇಡಿ.

ಮೈಸೂರಿನಲ್ಲೇ ಇರುವವರಿಗೆ ಕುಕ್ಕರಹಳ್ಳಿ ಕೆರೆ ದಡದ ನಡಿಗೆ ಸಾಕು. ಮಂಡಿ ನೋವಿದ್ದೂ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲೇಬೇಕು ಅನ್ನುವವರು ಸ್ವಲ್ಪದರಿಂದ ಶುರು ಮಾಡಲಿ, ಇಳಿಯಲು ಬಸ್ ಹಿಡಿಯಲಿ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು, ಅದಕ್ಕೇ ಮಂಡಿ ಆಗ ಜಾಸ್ತಿ ನೋಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಚಟುವಟಿಕೆ, ಕನಿಷ್ಠ ಎರಡು ದಿನ ಸ್ನಾಯು ಬಲದ ವ್ಯಾಯಾಮ.

ಮೂತ್ರ ಅಥವಾ ಮಲದ ಹತೋಟಿ ತಪ್ಪಿದ್ದರೆ, ಕೂತಾಗ ಕೆಳಗೆ ತಾಗುವ ಮೈಭಾಗ (ತೊಡೆಸಂದು, ಗುದದ ಸುತ್ತ) ಮರಗಟ್ಟಿದ್ದರೆ, ಕಾಲಿನ ಶಕ್ತಿ ದಿನೇದಿನೇ ಕುಗ್ಗುತ್ತಿದ್ದರೆ ಕೂಡಲೇ ಡಾಕ್ಟರ ಬಳಿ ಕಳಿಸಿ. ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಕೆ, ಹಿಂದೆ ಕ್ಯಾನ್ಸರ್, ಜೋರಾಗಿ ಬಿದ್ದದ್ದು ಇದ್ದರೂ ಅಷ್ಟೇ. ವ್ಯಾಯಾಮ ಆಮೇಲೆ. ಇದನ್ನು ಮೊದಲ ದಿನವೇ ಕೇಳಿ ಬರೆದುಕೊಳ್ಳಿ.

ಎರಡನೇ ಸಲ ಬಂದಾಗ ಬರೀ "ನೋವು ಹೇಗಿದೆ?" ಅಂತ ಕೇಳಬೇಡಿ. "ಈ ವಾರ ಏನೇನು ಕೆಲಸ ಮಾಡೋಕಾಯ್ತು ಅಮ್ಮ?" ಅಂತಲೂ ಕೇಳಿ. ಎಷ್ಟು ನಡೆದರು, ಎಷ್ಟು ಹೊತ್ತು ಕೂತರು, ನೀರು ಹೊತ್ತರಾ, ಎಲ್ಲವನ್ನೂ ಕೇಸ್ ಶೀಟ್‌ನಲ್ಲಿ ನೋವಿನ ಅಂಕದ ಪಕ್ಕದಲ್ಲೇ ಬರೆಯಿರಿ.