ರಿವರ್ಸ್ ಮಾಡಿದರೆ ಮೂಲ ಅರೇ ಯಾಕೆ ಬದಲಾಗುತ್ತದೆ?

ಅರೇಯನ್ನು, ಅಂದರೆ ಸಾಲಾಗಿ ಜೋಡಿಸಿಟ್ಟ ಪಟ್ಟಿಯನ್ನು, ಉಲ್ಟಾ ಮಾಡುವ ಜಾವಾಸ್ಕ್ರಿಪ್ಟ್‌ನ ರಿವರ್ಸ್ ಮೆಥಡ್ 1996ರದ್ದು, ನೆಟ್‌ಸ್ಕೇಪ್ ನ್ಯಾವಿಗೇಟರ್ 3 ಬ್ರೌಸರ್‌ನ ಕಾಲದ್ದು. ಆಗ ಅದರ ಜೊತೆಗಿದ್ದವು ಜಾಯಿನ್ ಮತ್ತು ಸಾರ್ಟ್. ಮರುವರ್ಷ ಜಾವಾಸ್ಕ್ರಿಪ್ಟ್‌ನ ಅಧಿಕೃತ ಮಾನದಂಡವಾದ ಎಕ್ಮಾಸ್ಕ್ರಿಪ್ಟ್‌ನ ಮೊದಲ ಆವೃತ್ತಿಯಲ್ಲೂ ಸೇರಿತು.

ಅದರ ಕೆಲಸ ಸರಳ. ಮೊದಲನೆಯದಕ್ಕೂ ಕೊನೆಯದಕ್ಕೂ ಜಾಗ ಅದಲುಬದಲು. ಹೀಗೇ ಒಳಕ್ಕೆ ಬರುತ್ತಾ ನಡುವೆ ನಿಲ್ಲುವುದು. ಇನ್ನೊಂದು ಅರೇ ಬೇಕಿಲ್ಲ, ಮೆಮೊರಿಯೂ ಉಳಿಯುತ್ತದೆ.

ಎಡವಟ್ಟು ಇರುವುದು ಆಮೇಲೆ. ಮೂಲವನ್ನೇ ಬದಲಿಸಿದ ರಿವರ್ಸ್, ಅದೇ ಅರೇಯನ್ನು ವಾಪಸ್ ಕೊಡುತ್ತದೆ. ಅದನ್ನು ಹೊಸ ವೇರಿಯಬಲ್‌ಗೆ ಹಾಕಿಕೊಂಡವರಿಗೆ ಕಾಪಿ ಸಿಕ್ಕಿತು ಅನ್ನಿಸುತ್ತದೆ, ಅಲ್ವಾ? ನಿಜವಾಗಿ ಒಂದೇ ಅರೇಗೆ ಎರಡು ಹೆಸರಾಗಿದೆ, ಅಷ್ಟೆ. ಪೈಥಾನ್ ಲಿಸ್ಟ್‌ನ ರಿವರ್ಸ್ ಕೂಡ ಮೂಲವನ್ನೇ ತಿರುಗಿಸುತ್ತದೆ, ಆದರೆ ವಾಪಸ್ ಏನೂ ಕೊಡುವುದಿಲ್ಲ. ಹಾಗಾಗಿ ತಪ್ಪು ಬೇಗ ಸಿಕ್ಕಿಬೀಳುತ್ತದೆ. ರೂಬಿಯಲ್ಲಿ ಮೂಲವನ್ನು ಮುಟ್ಟುವ ಮೆಥಡ್‌ನ ಹೆಸರಿಗೆ ಆಶ್ಚರ್ಯಸೂಚಕ ಚಿಹ್ನೆಯೇ ಇದೆ. ಜಾವಾಸ್ಕ್ರಿಪ್ಟ್ ಇಂಥ ಸುಳಿವು ಯಾವುದನ್ನೂ ಕೊಡದೆ ಸುಮ್ನಿರುತ್ತದೆ. ನನ್ನ ಪ್ರಕಾರ ತಪ್ಪು ತಿರುಗಿಸಿದ್ದರಲ್ಲಿಲ್ಲ, ವಾಪಸ್ ಕೊಟ್ಟಿದ್ದರಲ್ಲಿದೆ.

ವೆಬ್ ಪುಟದ ನೋಟ ಕಟ್ಟುವ ರಿಯಾಕ್ಟ್‌ನಂಥ ಲೈಬ್ರರಿಗಳು ಬಂದ ಮೇಲೆ ಈ ತೊಂದರೆ ಜಾಸ್ತಿಯಾಯಿತು. ಸ್ಟೇಟ್‌ನಲ್ಲಿರುವ (ಪುಟ ನೆನಪಿಟ್ಟುಕೊಂಡ ಡೇಟಾದಲ್ಲಿರುವ) ಅರೇಯನ್ನು ರೆಂಡರ್ ಮಾಡುವಾಗ, ಅಂದರೆ ತೆರೆಯ ಮೇಲೆ ಮೂಡಿಸುವಾಗ, ರಿವರ್ಸ್ ಮಾಡಿದರೆ, ಪ್ರತಿ ರೆಂಡರ್‌ಗೂ ಪಟ್ಟಿ ಒಮ್ಮೆ ಉಲ್ಟಾ, ಒಮ್ಮೆ ನೆಟ್ಟಗೆ.

2018ರಲ್ಲಿ ಬ್ರೌಸರ್ ಕಟ್ಟುವವರೇ ಇಲ್ಲಿ ಎಡವಿದರು. ಕೋಡ್‌ನಲ್ಲಿ ನೇರವಾಗಿ ಬರೆದಿಟ್ಟ ಅರೇಗೆ ಸಫಾರಿ 12 ಪ್ರತಿ ಸಲ ಹೊಸ ಜಾಗ ಕೊಡುತ್ತಿರಲಿಲ್ಲ. ಒಂದನ್ನೇ ಹಂಚಿಕೊಂಡು, ಯಾರಾದರೂ ಬದಲಿಸಲು ಹೊರಟಾಗ ಮಾತ್ರ ಕಾಪಿ ಮಾಡಬೇಕಿತ್ತು. ಒಳ್ಳೆಯ ಉಪಾಯವೇ. ಆದರೆ ರಿವರ್ಸ್‌ನಲ್ಲಿ ಆ ತಪಾಸಣೆ ಬಿಟ್ಟುಹೋಗಿತ್ತು. ಹಂಚಿಕೊಂಡಿದ್ದ ಮೂಲವೇ ತಿರುಗಿಬಿಟ್ಟಿತು. ಪುಟವನ್ನು ರಿಫ್ರೆಶ್ ಮಾಡಿದರೂ ಅರೇ ಉಲ್ಟಾ ಆಗಿಯೇ ಬರುತ್ತಿತ್ತು! ಮುಂದಿನ ಅಪ್‌ಡೇಟ್‌ಗಳಲ್ಲಿ ಸರಿಯಾಯಿತು.

ಅಷ್ಟರಲ್ಲಿ ಪ್ರೋಗ್ರಾಮರ್‌ಗಳು ದಾರಿ ಕಂಡುಕೊಂಡಿದ್ದರು. ಮೊದಲು ಸ್ಲೈಸ್‌ನಿಂದ ಕಾಪಿ, ಆಮೇಲೆ ರಿವರ್ಸ್. 2015ರ ನಂತರ ಸ್ಲೈಸ್ ಬದಲು ಮೂರು ಚುಕ್ಕಿಯ ಸ್ಪ್ರೆಡ್. ರಿವರ್ಸ್‌ನ ನಡವಳಿಕೆಯನ್ನೇ ಬದಲಿಸೋಣ ಎಂದರೆ, ಅದನ್ನೇ ನಂಬಿಕೊಂಡ ಹಳೆಯ ಸೈಟ್‌ಗಳು ಮುರಿಯುತ್ತವೆ. ಆದ್ದರಿಂದ ಎಕ್ಮಾಸ್ಕ್ರಿಪ್ಟ್ 2023ರಲ್ಲಿ ಟುರಿವರ್ಸ್ಡ್ ಎಂಬ ಬೇರೆ ಮೆಥಡ್ ಬಂತು. ಅದು ಮೂಲವನ್ನು ಮುಟ್ಟದೆ ಹೊಸ ಅರೇ ಕೊಡುತ್ತದೆ. ಅದೇ ವರ್ಷದ ಜುಲೈನಲ್ಲಿ ಫೈರ್‌ಫಾಕ್ಸ್ 115 ಬರುವ ಹೊತ್ತಿಗೆ ಮುಖ್ಯ ಬ್ರೌಸರ್‌ಗಳಲ್ಲೆಲ್ಲ ಅದು ಸಿಗುತ್ತಿತ್ತು. ಆದರೆ ಹೊಸದಾಗುವುದು ಅರೇ ಮಾತ್ರ. ಒಳಗಿರುವ ಆಬ್ಜೆಕ್ಟ್‌ಗಳು ಹಳೆಯವೇ. ಹೊಸ ಅರೇಯಲ್ಲಿ ಒಂದು ಆಬ್ಜೆಕ್ಟ್‌ನ ಒಳಗಿನ ಮೌಲ್ಯ ಬದಲಿಸಿದರೆ, ಹಳೆಯದರಲ್ಲೂ ಬದಲಾಗಿರುತ್ತದೆ.